ಹತ್ತು ತಿ

ದಾವಣಗೆರೆಯಲ್ಲಿ ‘ಬೆ’ ಅಂದರೆ ಮುಗಿಯಿತು,
ಬೆಣ್ಣೆ ದೋಸೆ ಬಂದು ಕೂರುತ್ತದೆ ಮುಂದೆ.
ನನಗೆ ಬೇಕಿದ್ದದ್ದು ಬೆಚ್ಚಗಿನ ನೀರು.
ಹದಿನಾಲ್ಕು ವರ್ಷದಿಂದ ತಿನ್ನುತ್ತಿದ್ದೇನೆ
ನಾನು ಕೇಳದ ದೋಸೆ.

ಉಗ್ಗುವವನ ಮಾತು ಬೇಲಿಯಿಲ್ಲದ ಹೊಲ.
ಅರ್ಧ ಉತ್ತಿಟ್ಟರೆ ಸಾಕು, ಯಾರಾದರೂ ಬಂದು
ತಮ್ಮ ಬೀಜ ಬಿತ್ತಿ ಹೋಗುತ್ತಾರೆ.
‘ಹ’ ಅಂದಕೂಡಲೇ ಕಂಡಕ್ಟರ್ ಹರಿಹರಕ್ಕೆ ಹರಿದುಕೊಟ್ಟ,
ನಾನಿಳಿಯಬೇಕಿದ್ದದ್ದು ಹಳೇ ಬಸ್‌ಸ್ಟ್ಯಾಂಡು.
ಹೆಣ್ಣು ನೋಡಲು ಹೋದಾಗ ‘ಒ— ಒ—’ ಎನ್ನುತ್ತಿದ್ದೆ,
‘ಒಪ್ಪಿಗೆಯಂತೆ!’ ಎಂದು ಸಕ್ಕರೆ ಹಂಚಿದರು ಸೋದರಮಾವ.
ಒಪ್ಪಿಗೆಯೋ ಒಲ್ಲೆಯೋ, ಈಗ ನನಗೂ ನೆನಪಿಲ್ಲ.
ಆಕೆಯೆದುರು ಇದನ್ನು ಹೇಳುವುದಿಲ್ಲ.

ಮುಚ್ಚಿದ ಹತ್ತಿ ಗಿರಣಿಯ ಕಡತಗಳೆಲ್ಲ
ಈಗ ನನ್ನ ಕರಿ ಪರದೆಯೊಳಗೆ.
ಆರು ಸಾವಿರ ಹೆಸರು, ಕನ್ನಡದಲ್ಲೇ.
ಬಾಯಿ ತೆರೆಯದೆ ಗೆದ್ದ ಹಠ ಅದೊಂದೇ.
ಹುಡುಕುವ ಸಲಕರಣೆ ಹಾಕಿಕೊಟ್ಟವಳು ನಾಗವೇಣಿ:
ಮೊದಲಕ್ಷರ ಒತ್ತು, ಆಮೇಲೆ ಟ್ಯಾಬ್.
ಗೊತ್ತಿರುವಷ್ಟು ದೂರ ಅದು ಜೊತೆಗೆ ಬರುತ್ತದೆ,
ದಾರಿ ಕವಲಾದಲ್ಲಿ ನಿಂತು
‘ಟಣ್’ ಎನ್ನುತ್ತದೆ ಮೆಲ್ಲಗೆ.
ಇದೋ, ಇಷ್ಟು ಜನ, ಯಾರು ಬೇಕು ನೋಡು
ಎಂದು ಪಟ್ಟಿ ಹಾಸಿ ಕೂರುತ್ತದೆ.
ಮಿನುಗುವ ಆ ಗೆರೆಗೆ ಅವಸರವಿಲ್ಲ.
ಊಟಕ್ಕೆ ಹೋಗಿ ಬಂದರೂ ಅಲ್ಲೇ ಇರುತ್ತದೆ,
ನನ್ನ ಬಾಯಿಗೆ ಬೇರೆ ಮಾತು ತುರುಕದೆ.

ಮೊನ್ನೆ ಮಂಗಳವಾರ ಒಬ್ಬಾಕೆ ಬಂದರು,
ಮಂಡಕ್ಕಿ ಭಟ್ಟಿಯ ಬೂದಿ ಸೆರಗಿನಂಚಿಗೆ.
‘ನಮ್ಮನಿಯವರದು ಪಿಎಫ್ ಕಾಗದ ಬೇಕಿತ್ತು.’
ಹೆ— ಹೆ— ಎಂದೆ.
‘ಅದನ್ನ ಹೆಂಗ್ ಹೇಳ್ಲಪ್ಪಾ ನಾನು’ ಎಂದು ನಕ್ಕರು.
ಅವರು ಹೋಗಿ ಒಂಬತ್ತು ವರ್ಷ,
ಹೆಸರಿನ್ನೂ ನಾಲಗೆಗೆ ಇಳಿದಿಲ್ಲ.
‘ಮೊದಲಿನ ಮೂರು ಕೂಸು ಉಳೀಲಿಲ್ಲಂತ
ಇವರನ್ನ ಹುಟ್ಟಿದ ದಿನಾನೇ
ಅದರ ಮ್ಯಾಲಿಟ್ಟು ಎತ್ಕೊಂಡಿದ್ರಂತೆ. ಅದರದ್ದೇ ಹೆಸರು.’
ಯಾ— ಯಾವುದರ?
ಕಿಟಕಿಯಾಚೆ ಬೆರಳು ತೋರಿದರು:
ಗಿರಣಿ ಗೋಡೆಗೊರಗಿದ ಕಸದ ಗುಡ್ಡೆ,
ಮೇಲೊಂದು ಕೋಳಿ.

ತಿ. ಟ್ಯಾಬ್.
ಕದಲಲಿಲ್ಲ, ತಿಮ್ಮಪ್ಪಗಳೂ ಇದ್ದಾರಲ್ಲ ಒಳಗೆ.
ಒಂದು ಪ ಸೇರಿಸಿದೆ.
‘ತಿಪ್ಪ’ ಎಂಬಲ್ಲಿಗೆ ಓಡಿ ನಿಂತಿತು. ಟಣ್.
ತಿಪ್ಪಣ್ಣ, ತಿಪ್ಪಯ್ಯ ಇಬ್ಬರು, ತಿಪ್ಪೇರುದ್ರಪ್ಪ, ತಿಪ್ಪೇಶಿ,
ಆಮೇಲೆ ಸಾಲಾಗಿ ಐವರು ತಿಪ್ಪೇಸ್ವಾಮಿ.
‘ನನಗೆ ಓದಾಕ ಬರಂಗಿಲ್ಲ’ ಎಂದರು.
ಹಾಗಾದರೆ ನಾನೇ ಓದಬೇಕು.
ಗಟ್ಟಿಯಾಗಿ. ಹತ್ತು ತಿ.

ತಿ— ತಿ— ತಿ—
ಈಗ ಹೇಳಿಬಿಡುತ್ತಾರೆ, ಈಗ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ.
ಹೇಳಲಿಲ್ಲ.
ಹೇಳುವಂತಿರಲಿಲ್ಲ.
ಮೇಜಿನಂಚು ಹಿಡಿದು ನನ್ನ ಬಾಯನ್ನೇ ನೋಡುತ್ತ ನಿಂತರು,
ಬಾಣಲೆಯ ಮರಳು ಕಾಯಲೆಂದು
ಕಾಯುವ ಹಾಗೆ.
ಮೂರಕ್ಕೂ ಅಡ್ಡಡ್ಡ ತಲೆಯಾಡಿಸಿದರು.
ನಾಲ್ಕನೆಯದು ಹಲ್ಲು ದಾಟಿ
‘ತಿಪ್ಪೇರುದ್ರಪ್ಪ, ಬಾಯ್ಲರ್ ವಿಭಾಗ’ ಎಂದು
ಇಡಿಯಾಗಿ ಹೊರಬಿದ್ದಾಗ
ಸೆರಗು ತಲೆಗೆಳೆದುಕೊಂಡರು,
ಬಾಗಿಲಲ್ಲಿ ಅವರೇ ಬಂದು ನಿಂತ ಹಾಗೆ.
ಉಳಿದ ಆರು ತಿ ನನಗೆ ಮಾಫಿ.

ಹೆಬ್ಬೆಟ್ಟೊತ್ತಿ, ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿ,
ಹೋಗುವಾಗ ತಿರುಗಿದರು: ‘ನಿನ್ ಹೆಸರೇನಪ್ಪಾ?’
ಕ— ಎಂದೆ.
ಕರಿಬಸಪ್ಪ, ಕಲ್ಲೇಶಿ, ಕೊಟ್ರಯ್ಯ,
ನಮ್ಮ ಸೀಮೆಯಲ್ಲಿ ‘ಕ’ಕ್ಕೇನು ಬರವೇ?
ಇದನ್ನಾದರೆ ಹೇಳಬಹುದಿತ್ತು ಆಕೆ, ತಡೆಯಿರಲಿಲ್ಲ.
ಪ್ರಿಂಟರ್ ಸುಮ್ಮನಾಯಿತು.
ಹೊರಗೆ ಕೋಳಿ ಕೆದರುವ ಸದ್ದು.
ಹೊಸಿಲಾಚೆ ಒಂದು ಕಾಲು, ಈಚೆ ಒಂದು ಕಾಲು,
ನಿಂತೇ ಇದ್ದರು.